ಸೊಂಟದ ಕೃತಕ ಕೀಲು: ಸೆರಾಮಿಕ್ ಲೈನರೋ ಪಾಲಿ ಲೈನರೋ? ಮತ್ತೆ, 22 ವರ್ಷದ ಹಳೆಯ ಪಾಲಿ 2.2 ಮಿ.ಮೀ. ಸವೆದದ್ದಕ್ಕೆ ಎಂತ ಮಾಡುವುದು?

ಬದಿಯಡ್ಕ ಮೆಕ್ಯಾನಿಕಲ್

ಎರಡು ಕೇಸು ಉಂಟು, ಪ್ರಶ್ನೆ ಎರಡಕ್ಕೂ ಬೇರೆ. ಬೇರಿಂಗ್, ಶಾಫ್ಟ್, ಗ್ರೀಸು ಅಂದರೆ ಅರ್ಥವಾಗುವವನಿಗೆ ಹೇಳುವ ಹಾಗೆ ಹೇಳಿದರೆ ಸಾಕು. "ಡಾಕ್ಟ್ರ ಹತ್ತಿರ ಕೇಳಿ" ಎಂಬ ಉತ್ತರ ಬೇಡ. ಕೇಳಿ ಆಗಿದೆ, ಆಯ್ಕೆಯನ್ನು ಅವರು ನಮ್ಮ ತಲೆಗೇ ಕಟ್ಟಿದ್ದಾರೆ.

ಒಂದನೆಯದು: 43 ವರ್ಷದ ಗಂಡಸು, 74 ಕಿಲೋ. ಬಲ ಸೊಂಟಕ್ಕೆ ಎವಿಎನ್. ರಕ್ತ ಹೋಗುವುದು ನಿಂತು ತೊಡೆಮೂಳೆಯ ಚೆಂಡು ಕುಸಿದು ಚಪ್ಪಟೆಯಾಗಿದೆ. ಕೆಲಸ ಗುಡ್ಡೆಯ ಅಡಕೆ ತೋಟದ್ದು. ನೋವು ಶುರುವಾಗುವ ಮೊದಲು ಫೋನು ದಿನಕ್ಕೆ ಸರಾಸರಿ 12,000 ಹೆಜ್ಜೆ ತೋರಿಸುತ್ತಿತ್ತು. ಆಪರೇಷನ್ ಮಂಗಳೂರಿನಲ್ಲಿ, ಕೊಟೇಷನ್ ಮೂರು. ಮೂರರಲ್ಲೂ ಸಿಮೆಂಟ್ ಇಲ್ಲದ ಟೈಟಾನಿಯಂ ಕಪ್ಪು (ಸೊಂಟದ ಗುಂಡಿಗೆ ಕೂರಿಸುವ ಬಟ್ಟಲು), ಟೈಟಾನಿಯಂ ಸ್ಟೆಮ್ಮು (ತೊಡೆಮೂಳೆಯೊಳಗೆ ಇಳಿಸುವ ದಂಡ) ಅದೇ; ಬದಲಾಗುವುದು ಉಜ್ಜುವ ಜೋಡಿ ಮಾತ್ರ. (ಅ) ಕೋಬಾಲ್ಟ್-ಕ್ರೋಮ್ ಲೋಹದ ಹೆಡ್ (ಚೆಂಡು), ಕ್ರಾಸ್‌ಲಿಂಕ್ ಪಾಲಿ, ಅಂದರೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಲೈನರ್ (ಕಪ್ಪಿನ ಒಳಪದರ). (ಆ) ಗುಲಾಬಿ ಬಣ್ಣದ ಸೆರಾಮಿಕ್ ಹೆಡ್, ಅದೇ ಪಾಲಿ. (ಇ) ಸೆರಾಮಿಕ್ ಹೆಡ್, ಸೆರಾಮಿಕ್ ಲೈನರ್. ಮೂರನೆಯದಕ್ಕೆ ಕಂಪೆನಿಯ ಜನ ಹೇಳುವುದು: "50 ಲಕ್ಷ ಸೈಕಲ್ ಟೆಸ್ಟ್ ಆಗಿದೆ, ಆಯುಷ್ಯ ಪೂರ್ತಿ ಬರುತ್ತದೆ." ಹೆಡ್ 36 ಮಿ.ಮೀ. ಹಾಕಿಸಿ, ದೊಡ್ಡದಾದಷ್ಟು ಒಳ್ಳೆಯದು ಎಂತಲೂ ಹೇಳಿದ್ದಾರೆ. ಅಳತೆ ಪ್ರಕಾರ ಕಪ್ಪು 50 ಮಿ.ಮೀ. ಆಸುಪಾಸು ಕೂರಬಹುದಂತೆ.

ಎರಡನೆಯದು: 69 ವರ್ಷದ ಹೆಂಗಸು, ಎಡ ಸೊಂಟ, 22 ವರ್ಷದ ಹಿಂದೆ ಹಾಕಿದ್ದು. 28 ಮಿ.ಮೀ. ಲೋಹದ ಹೆಡ್, ಆ ಕಾಲದ ಸಾಮಾನ್ಯ ಪಾಲಿ. ನೋವು ಇಲ್ಲ. ಎಕ್ಸ್‌ರೇಯಲ್ಲಿ ಹೆಡ್ಡು ಕಪ್ಪಿನ ನಡುವಿನಿಂದ ಮೇಲಕ್ಕೆ ಸರಿದಿದೆ. ಹೆಡ್ಡಿನ 28 ಮಿ.ಮೀ.ಯನ್ನೇ ಸ್ಕೇಲ್ ಮಾಡಿಕೊಂಡು ಅಳೆದರೆ 2.2 ಮಿ.ಮೀ. ಬರುತ್ತದೆ. ಕಪ್ಪಿನ ಹಿಂದೆ ಮೂಳೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕರಿ ಗುಳಿ. ಒಬ್ಬರು ಕಾಯೋಣ ಎನ್ನುತ್ತಾರೆ, ಇನ್ನೊಬ್ಬರು ಈಗಲೇ ಬಿಚ್ಚೋಣ ಎನ್ನುತ್ತಾರೆ. ನೋವೇ ಇಲ್ಲದವರನ್ನು ಯಾಕೆ ಬಿಚ್ಚುವುದು?

ಓಟಿ ಟೇಬಲ್

ಮೊದಲು ಆ 50 ಲಕ್ಷ ಸೈಕಲ್ಲನ್ನು ಬಿಚ್ಚಿ ನೋಡುವ. ಅದು ಐಎಸ್‌ಒ 14242 ಎಂಬ ಸಿಮ್ಯುಲೇಟರ್ ಪರೀಕ್ಷೆ. ಯಂತ್ರದಲ್ಲಿ ಕೀಲನ್ನು ಕೂರಿಸಿ, ದನದ ರಕ್ತದ ಸೀರಂ ಹಾಕಿ, 37 ಡಿಗ್ರಿಯಲ್ಲಿ, ಸೆಕೆಂಡಿಗೆ ಒಂದು ನಡಿಗೆಯಂತೆ ಗರಿಷ್ಠ 3,000 ನ್ಯೂಟನ್ ಭಾರದಲ್ಲಿ ತಿರುಗಿಸುವುದು. ಐದು ಲಕ್ಷ ಸೈಕಲ್ಲಿಗೊಮ್ಮೆ ಸೀರಂ ಬದಲಿಸಿ, ಲೈನರನ್ನು ತೊಳೆದು ಒಣಗಿಸಿ ತೂಗುವುದು. ತೂಕ ಎಷ್ಟು ಇಳಿಯಿತೋ ಅಷ್ಟು ಸವೆತ. ಪಾಲಿ ಸ್ವಲ್ಪ ದ್ರವ ಹೀರಿ ಭಾರ ಆಗುವುದರಿಂದ, ಉಜ್ಜದೆ ಬರೀ ನೆನೆಸಿಟ್ಟ ಇನ್ನೊಂದು ಲೈನರಿನ ತೂಕದ ಜತೆ ಹೋಲಿಸಬೇಕು.

ಈಗ ನಿಮ್ಮ ಲೆಕ್ಕ. ದಿನಕ್ಕೆ 12,000 ಹೆಜ್ಜೆ ಅಂದರೆ ಒಂದು ಕಾಲಿಗೆ 6,000 ಸೈಕಲ್, ವರ್ಷಕ್ಕೆ 21.9 ಲಕ್ಷ. 50 ಲಕ್ಷ ಸೈಕಲ್ ನಿಮ್ಮವರಿಗೆ ಎರಡು ಕಾಲು ವರ್ಷದ ದುಡಿಮೆ, ಅಷ್ಟೆ. ಪುಸ್ತಕಗಳಲ್ಲಿ "10 ಲಕ್ಷ ಸೈಕಲ್ ಅಂದರೆ ಒಂದು ವರ್ಷ" ಎಂದು ಬರೆಯುವುದು ಪಟ್ಟಣದಲ್ಲಿ ಕುರ್ಚಿ ಕೆಲಸ ಮಾಡುವವನ ಲೆಕ್ಕ. ಹಾಗಾಗಿ ಕೀಲು ಎಷ್ಟು ವರ್ಷ ಬರುತ್ತದೆ ಎಂದು ಕೇಳುವುದು ಸ್ಕೂಟರಿನ ಟಯರು ಎಷ್ಟು ವರ್ಷ ಬರುತ್ತದೆ ಎಂದು ಕೇಳಿದ ಹಾಗೆ. ಕಿಲೋಮೀಟರ್ ಕೇಳಬೇಕು.

ಹಾಗೆಂದು ಪರೀಕ್ಷೆ ಸುಳ್ಳಲ್ಲ. ಅದು ಕಪ್ಪು ಸರಿಯಾಗಿ ಕೂತಿದೆ, ಹೆಡ್ಡು ಗುಂಡಿಯಿಂದ ಆಚೀಚೆ ಆಗುವುದಿಲ್ಲ ಎಂದುಕೊಂಡು ಮಾಡುವ ಪರೀಕ್ಷೆ. ದೇಹದೊಳಗೆ ಕೆಡುವುದು ಬಹುಪಾಲು ಆ ಎರಡು ವಿಷಯದಲ್ಲೇ.

36 ಮಿ.ಮೀ. ವಿಷಯ. ಕಪ್ಪಿನ ಹೊರ ಅಳತೆ 50, ಹೆಡ್ 36 ಆದರೆ ಎರಡರ ನಡುವೆ ಒಂದು ಬದಿಗೆ ಉಳಿಯುವುದು 7 ಮಿ.ಮೀ. ಅದರಲ್ಲಿ ಟೈಟಾನಿಯಂ ಚಿಪ್ಪಿಗೆ 4 ಹೋದರೆ ಪಾಲಿಗೆ ಉಳಿಯುವುದು 3. ಕಪ್ಪು ಸ್ವಲ್ಪ ಕಡಿದಾಗಿ ಕೂತರೆ ಭಾರ ಪೂರಾ ಮೇಲಂಚಿಗೆ ಬಿದ್ದು, ಲಾಕ್ ಮಾಡುವ ಕಚ್ಚು ಇರುವ ಜಾಗದಲ್ಲೇ ಪಾಲಿ ಸೀಳುತ್ತದೆ. 32 ಹಾಕಿದರೆ ಬದಿಗೆ 9, ಪಾಲಿಗೆ 5. ಕಪ್ಪು 50 ಆದರೆ 32 ನನ್ನ ಆಯ್ಕೆ. 54, 56 ಕೂರುವ ದೊಡ್ಡ ಆಳಿಗೆ 36 ಧಾರಾಳ ಹಾಕಬಹುದು. ದೊಡ್ಡ ಹೆಡ್ಡಿನ ಲಾಭ ಕೀಲು ತಪ್ಪದೇ ಇರುವುದು: ಗುಂಡಿಯಿಂದ ಜಿಗಿಯಲು ಅದು ಹೆಚ್ಚು ದೂರ ಏರಬೇಕು. ನಷ್ಟ ಪಾಲಿ ತೆಳ್ಳಗಾಗುವುದು ಮಾತ್ರವಲ್ಲ, ಸವೆತದ ಪುಡಿಯೂ ಹೆಚ್ಚು. ಹೆಡ್ಡು ಪಾಲಿಯೊಳಗೆ ಕೊರೆಯುತ್ತ ಹೋಗುವ ದಾರಿ ಒಂದು ಸಿಲಿಂಡರ್. ವರ್ಷಕ್ಕೆ 0.1 ಮಿ.ಮೀ. ಕೊರೆದರೆ 28ರ ಹೆಡ್ಡು ತೆಗೆಯುವ ಪುಡಿ ಸುಮಾರು 62 ಘನ ಮಿ.ಮೀ., 36ರದ್ದು 102. ಆಳ ಅದೇ, ಪುಡಿ ಒಂದೂವರೆ ಪಟ್ಟಿಗಿಂತ ಜಾಸ್ತಿ.

(ಅ) ಮತ್ತು (ಆ) ನಡುವೆ: ಸೆರಾಮಿಕ್ ಹೆಡ್ಡಿನ ಮೇಲ್ಮೈ ನುಣುಪು. ಸ್ಟಾಂಡರ್ಡಿನ ಪ್ರಕಾರ ಲೋಹದ ಹೆಡ್ಡಿನ ಒರಟು 0.05 ಮೈಕ್ರಾನ್ ಮೀರಬಾರದು, ಸೆರಾಮಿಕ್ಕಿನದು 0.02. ಹೊಸದರಲ್ಲಿ ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ಒಂದು ಮೂಳೆಯ ಚೂರೋ ಲೋಹದ ಪುಡಿಯೋ ನಡುವೆ ಸಿಕ್ಕಿದರೆ ಕೋಬಾಲ್ಟ್-ಕ್ರೋಮ್ ಮೇಲೆ ಗೀರು ಬೀಳುತ್ತದೆ, ಗೀರಿನ ಅಂಚು ಎದ್ದು ನಿಲ್ಲುತ್ತದೆ, ಅಲ್ಲಿಂದ ಅದು ಲೈನರಿಗೆ ಹೆರೆಮಣೆಯ ಹಲ್ಲು. ಸೆರಾಮಿಕ್ಕಿಗೆ ಗೀರು ಬೀಳುವುದು ಕಷ್ಟ. ಇನ್ನೊಂದು, ನನ್ನ ಮಟ್ಟಿಗೆ ದೊಡ್ಡ ಕಾರಣ: ಹೆಡ್ಡಿನೊಳಗಿನ ಕೋನ್, ಸ್ಟೆಮ್ಮಿನ ಕುತ್ತಿಗೆಯ ಮೇಲೆ ಕೂರುವ ಜಾಗ. ಕೋಬಾಲ್ಟ್-ಕ್ರೋಮ್ ಹೆಡ್ಡು ಟೈಟಾನಿಯಂ ಕುತ್ತಿಗೆಯ ಮೇಲೆ ಪ್ರತಿ ಹೆಜ್ಜೆಗೂ ಮೈಕ್ರಾನು ಲೆಕ್ಕದಲ್ಲಿ ಅಲ್ಲಾಡುತ್ತ ಆಕ್ಸೈಡ್ ಪದರ ಕೆರೆದುಹೋಗಿ, ಬಿರುಕಿನೊಳಗೆ ದೇಹದ ಉಪ್ಪುನೀರು ಸೇರಿ ತುಕ್ಕು ಶುರುವಾಗುತ್ತದೆ. ಪಾಲಿ ಚೆನ್ನಾಗಿಯೇ ಇದ್ದು, ಕುತ್ತಿಗೆಯ ತುಕ್ಕಿನಿಂದ ಕೋಬಾಲ್ಟ್ ರಕ್ತಕ್ಕೆ ಸೇರಿ ಸುತ್ತಲಿನ ಮಾಂಸ ಕೆಟ್ಟ ಕೇಸುಗಳು ಉಂಟು. ಸೆರಾಮಿಕ್ ಹೆಡ್ಡಿನಲ್ಲಿ ಇದು ಬಹಳ ಕಡಿಮೆ. 43 ವರ್ಷದವನಿಗೆ (ಅ) ಬೇಡ.

(ಇ) ಬಗ್ಗೆ ಪುನಃ ಬರೆಯುತ್ತೇನೆ. ಪಾಲಿ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇದ್ದಾರೆ.

ಪಾಲಿಮರ್ ಮಾಷ್

ಕರೆದದ್ದು ನನ್ನನ್ನೇ ಅಂದುಕೊಳ್ಳುತ್ತೇನೆ.

ಅಡಕೆ ಅಂಗಳಕ್ಕೆ ಹಾಸುವ ಟಾರ್ಪಾಲು ನೋಡಿ. ಒಂದೆರಡು ಬೇಸಗೆ ಬಿಸಿಲಲ್ಲಿ ಬಿದ್ದದ್ದು ಮಡಚಿದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಅದೂ ಪಾಲಿಎಥಿಲೀನ್, ಸೊಂಟದ ಲೈನರೂ ಪಾಲಿಎಥಿಲೀನ್. ಲೈನರಿನದ್ದು ಸರಪಣಿ ಬಹಳ ಉದ್ದ, ಅಣುತೂಕ ಹತ್ತಾರು ಲಕ್ಷದಲ್ಲಿ. ಅದಕ್ಕೇ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಎನ್ನುವುದು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದ್ದರು. ಜಾರುವುದೇನೋ ಚೆನ್ನಾಗಿ ಜಾರಿತು, ಆದರೆ ಕೆಲವೇ ವರ್ಷದಲ್ಲಿ ಹೆಡ್ಡು ಬಟ್ಟಲನ್ನು ಕೊರೆದು ಒಳಗೆ ಇಳಿಯಿತು. 1962ರಲ್ಲಿ ಈ ಪಾಲಿಗೆ ಬದಲಾಯಿಸಿದ ಮೇಲೆಯೇ ಕೀಲು ಬಾಳಿಕೆ ಬಂದದ್ದು. ಘರ್ಷಣೆ ಕಡಿಮೆ ಆದ ಮಾತ್ರಕ್ಕೆ ಸವೆತ ಕಡಿಮೆ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಇಲ್ಲ.

ಆಮೇಲಿನ ತಪ್ಪು ಪಾಲಿಯದ್ದಲ್ಲ, ಅದನ್ನು ಕ್ರಿಮಿಶುದ್ಧ ಮಾಡಿದ ರೀತಿಯದ್ದು. 25ರಿಂದ 40 ಕಿಲೋಗ್ರೇ (ವಿಕಿರಣದ ಪ್ರಮಾಣದ ಅಳತೆ) ಗಾಮಾ ಕಿರಣ ಕೊಡುತ್ತಿದ್ದರು, ಪೊಟ್ಟಣದೊಳಗೆ ಗಾಳಿ ಇತ್ತು. ಕಿರಣ ಸರಪಣಿಗಳನ್ನು ಕಡಿಯುತ್ತದೆ; ಕಡಿದ ತುದಿ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಅದು ಪಕ್ಕದ ಸರಪಣಿಯನ್ನೂ ಕೆಡಿಸುತ್ತದೆ. ಕಪಾಟಿನಲ್ಲಿ ಕೂತಲ್ಲೇ ವರ್ಷಗಟ್ಟಲೆ ಇದು ನಡೆಯುತ್ತದೆ. ಅಂಥ ಲೈನರನ್ನು ಅಡ್ಡ ಕೊಯ್ದರೆ ಮೇಲ್ಮೈಯಿಂದ ಒಂದೆರಡು ಮಿ.ಮೀ. ಒಳಗೆ ಬಿಳಿ ಪಟ್ಟಿ ಕಾಣುತ್ತದೆ. ಪಾಲಿ ಪುಡಿಪುಡಿ ಆಗುವುದು ಅಲ್ಲಿಂದಲೇ. 1990ರ ದಶಕದ ಕೊನೆಗೆ ಹೆಚ್ಚಿನವರು ಸಾರಜನಕ ತುಂಬಿದ ಪೊಟ್ಟಣಕ್ಕೋ ನಿರ್ವಾತಕ್ಕೋ ಬದಲಾಯಿಸಿದರು. ಕಪಾಟಿನ ಸಮಸ್ಯೆ ಮುಗಿಯಿತು. ಆದರೆ ಕಡಿದ ತುದಿಗಳು ಉಳಿದೇ ಇದ್ದವು, ದೇಹದೊಳಗಿನ ಆಮ್ಲಜನಕ ನಿಧಾನಕ್ಕೆ ಆ ಕೆಲಸ ಮುಂದುವರಿಸುತ್ತದೆ.

ಕ್ರಾಸ್‌ಲಿಂಕ್ ಪಾಲಿಯಲ್ಲಿ ಅದೇ ಕಿರಣವನ್ನು ಬೇಕೆಂದೇ ಹೆಚ್ಚು, 50ರಿಂದ 100 ಕಿಲೋಗ್ರೇ, ಕೊಡುತ್ತಾರೆ. ಕಡಿದ ತುದಿಗಳು ಒಂದಕ್ಕೊಂದು ಅಡ್ಡಡ್ಡ ಗಂಟು ಹಾಕಿಕೊಳ್ಳುತ್ತವೆ. ಸೊಂಟಕ್ಕೆ ಇದು ಯಾಕೆ ಇಷ್ಟು ಲಾಭ ಕೊಟ್ಟಿತು ಅಂದರೆ, ನಡೆಯುವಾಗ ಹೆಡ್ಡು ಒಂದೇ ಗೆರೆಯಲ್ಲಿ ಹೋಗಿ ಬರುವುದಿಲ್ಲ, ಒಂದು ದಾರಿಯನ್ನು ಇನ್ನೊಂದು ದಾರಿ ಅಡ್ಡ ಹಾಯುತ್ತದೆ. ಸರಪಣಿಗಳು ಒಂದು ದಿಕ್ಕಿಗೆ ಬಾಚಿಕೊಂಡು ಮಲಗುತ್ತವೆ, ಅಡ್ಡದಿಂದ ಬಂದ ಉಜ್ಜಾಟ ಅವನ್ನು ಎಳೆಎಳೆಯಾಗಿ ಕೀಳುತ್ತದೆ. ಅಡ್ಡ ಗಂಟು ಇದ್ದರೆ ಎಳೆ ಕೀಳಲು ಬರುವುದಿಲ್ಲ.

ಇದಕ್ಕೆ ಕೊಡುವ ಬೆಲೆ: ಗಂಟು ಹೆಚ್ಚಾದಷ್ಟು ಪಾಲಿ ಬಿರುಕಿಗೆ ಸುಲಭ. ಉಳಿದ ಒಂಟಿ ತುದಿಗಳನ್ನು ತೀರಿಸಲು 150 ಡಿಗ್ರಿ ಹತ್ತಿರ ಕರಗಿಸಿದರೆ ತುದಿ ಪೂರ್ತಿ ಹೋಗುತ್ತದೆ, ಹರಳು ಭಾಗ ಕಡಿಮೆಯಾಗಿ ಬಲ ಇನ್ನೂ ಇಳಿಯುತ್ತದೆ. ಕರಗುವುದಕ್ಕಿಂತ ಕೆಳಗೆ, 130 ಡಿಗ್ರಿ ಸುಮಾರಿಗೆ ಕಾಯಿಸಿದರೆ ಬಲ ಉಳಿಯುತ್ತದೆ, ತುದಿಗಳೂ ಒಂದಷ್ಟು ಉಳಿಯುತ್ತವೆ. ಮೂರನೆಯ ದಾರಿ ವಿಟಮಿನ್ ಇ ಸೇರಿಸುವುದು. ಅದು ಒಂಟಿ ತುದಿಗಳ ಬಾಯಿ ಕಟ್ಟುತ್ತದೆ. ಮೂರೂ ಮಾರುಕಟ್ಟೆಯಲ್ಲಿ ಉಂಟು, ಮೂರೂ ಹಳೆಯದಕ್ಕಿಂತ ಎಷ್ಟೋ ಮೇಲು. ಇವುಗಳೊಳಗೆ ಜಗಳ ಹಚ್ಚುವುದು ಬ್ರೋಷರಿನವರ ಕೆಲಸ.

ಅಂಕೆ ಬೇಕಾದರೆ: ಹಳೆಯ ಪಾಲಿ ವರ್ಷಕ್ಕೆ 0.1 ಮಿ.ಮೀ. ಆಸುಪಾಸು, ಕೆಲವರಲ್ಲಿ ಅದರ ಎರಡು ಪಟ್ಟು. ಕ್ರಾಸ್‌ಲಿಂಕ್ ಆದದ್ದು ಸಾಮಾನ್ಯವಾಗಿ 0.05ಕ್ಕಿಂತ ಕೆಳಗೆ. ಈ 0.05 ಮುಖ್ಯ, ಅದಕ್ಕಿಂತ ಕಡಿಮೆ ಸವೆಯುವ ಕೀಲಿನ ಸುತ್ತ ಮೂಳೆ ಕರಗಿದ್ದು ಕಾಣುವುದು ಅಪರೂಪ. ಆಸ್ಟ್ರೇಲಿಯಾದ ರಾಷ್ಟ್ರೀಯ ಕೃತಕ ಕೀಲು ರಿಜಿಸ್ಟ್ರಿಯ 16 ವರ್ಷದ ಲೆಕ್ಕದಲ್ಲಿ ಹಳೆಯ ಪಾಲಿ ಹಾಕಿದವರಲ್ಲಿ ನೂರಕ್ಕೆ 11.7 ಕೀಲು ಪುನಃ ಆಪರೇಷನ್ನಿಗೆ ಬಂದರೆ, ಕ್ರಾಸ್‌ಲಿಂಕ್ ಹಾಕಿದವರಲ್ಲಿ 6.2.

ಮೊದಲ ವರ್ಷ ಎಕ್ಸ್‌ರೇಯಲ್ಲಿ ಹೆಡ್ಡು ಸ್ವಲ್ಪ ಇಳಿದದ್ದು ಕಂಡರೆ ಗಾಬರಿ ಬೇಡ. ಅದು ಸವೆತ ಅಲ್ಲ, ಭಾರಕ್ಕೆ ಪಾಲಿ ಒತ್ತಿಕೊಂಡು ಹೆಡ್ಡಿನ ಆಕಾರಕ್ಕೆ ಕೂರುವುದು. ಪುಡಿ ಬರುವುದಿಲ್ಲ. ಸವೆತದ ಗಡಿಯಾರ ಒಂದು ವರ್ಷದ ಫಿಲ್ಮಿನಿಂದ ಶುರು ಮಾಡಿ.

ಉಪ್ಪಳ ಹೈವೇ

ನೀವಿಬ್ಬರೂ ಪಾಲಿ ಪಕ್ಷದವರು ಎಂದು ಕಾಣುತ್ತದೆ. ಸೆರಾಮಿಕ್ ಮೇಲೆ ಸೆರಾಮಿಕ್ ಸವೆಯುವುದು ವರ್ಷಕ್ಕೆ ಮೈಕ್ರಾನುಗಳ ಲೆಕ್ಕ, ಪಾಲಿಯದ್ದು ಎಷ್ಟು ಒಳ್ಳೆಯದಾದರೂ ಹತ್ತಾರು ಮೈಕ್ರಾನ್. ಬರುವ ಅಷ್ಟಿಷ್ಟು ಪುಡಿಯನ್ನೂ ದೇಹ ಪಾಲಿ ಪುಡಿಯಷ್ಟು ವಿರೋಧಿಸುವುದಿಲ್ಲ. ಒಡೆಯುವುದು ಎಂಬ ಹೆದರಿಕೆ ಹಳೆಯ ಅಲ್ಯುಮಿನಾ ಕಾಲದ್ದು. ಈಗಿನ ಗುಲಾಬಿಯದ್ದು ಅಲ್ಯುಮಿನಾದೊಳಗೆ ಶೇ. 17ರಷ್ಟು ಜಿರ್ಕೋನಿಯಾ ಕಣ ಸೇರಿಸಿದ್ದು. ಬಿರುಕು ಮುಂದೆ ಹೋಗಲು ನೋಡಿದರೆ ಜಿರ್ಕೋನಿಯಾ ಕಣ ಉಬ್ಬಿ ಬಿರುಕಿನ ಬಾಯಿ ಮುಚ್ಚುತ್ತದೆ. 43 ವರ್ಷ, ವರ್ಷಕ್ಕೆ 22 ಲಕ್ಷ ಸೈಕಲ್. ಇಂಥವರಿಗಲ್ಲದೆ ಮತ್ತೆ ಯಾರಿಗೆ ಅದು?

ಮತ್ತೊಂದು: ಲೋಹದ ಮೇಲೆ ಲೋಹ ಉಜ್ಜುವ ಕೀಲು ಕೆಲವು ವರ್ಷದ ಹಿಂದೆ ಭಾರೀ ಜಾಹೀರಾತಿನಲ್ಲಿ ಇತ್ತು. ಅದನ್ನು ಹಾಕಿಸಿಕೊಂಡವರು ಈಗ ಎಂತ ನೋಡಿಕೊಳ್ಳಬೇಕು? ಅದನ್ನೂ ಬರೆಯಿರಿ.

ಓಟಿ ಟೇಬಲ್

ನೀವು ಹೇಳಿದ ಅಂಕೆಗಳೆಲ್ಲ ಸರಿ. ಡೆಲ್ಟಾ ಎಂಬ ಈ ಗುಲಾಬಿ ಜಾತಿಯ ಹೆಡ್ಡು ಒಡೆಯುವುದು ಲಕ್ಷಕ್ಕೆ ಮೂರರ ಆಸುಪಾಸು. ಲೈನರ್ ಒಡೆಯುವುದು ಅದರ ಹತ್ತರಷ್ಟು, ಅದೂ ದೊಡ್ಡ ಸಂಖ್ಯೆ ಅಲ್ಲ. ನನ್ನ ತಕರಾರು ಒಡೆದ ಮೇಲಿನ ಕಥೆಗೆ. ಚೂರುಗಳನ್ನು ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಸುತ್ತಲಿನ ಮಾಂಸದಲ್ಲಿ ಗಾಜಿನ ಹುಡಿಯ ಹಾಗೆ ಕೂತಿರುತ್ತವೆ. ಆಗ ಗೊತ್ತಿಲ್ಲದವರು ಕೋಬಾಲ್ಟ್-ಕ್ರೋಮ್ ಹೆಡ್ಡು ಹಾಕಿದರೆ ಕೆಲವೇ ತಿಂಗಳಲ್ಲಿ ಸೆರಾಮಿಕ್ ಹುಡಿ ಆ ಹೆಡ್ಡನ್ನು ಅರೆದು ಹಾಕುತ್ತದೆ. ಸುತ್ತಲೂ ಕರಿ ಕೆಸರು, ರಕ್ತದಲ್ಲಿ ಕೋಬಾಲ್ಟ್ ವಿಷದ ಮಟ್ಟಕ್ಕೆ ಏರಿ ಹೃದಯ, ಕಣ್ಣು, ಕಿವಿಗೆ ತೊಂದರೆ ಆದ ಕೇಸುಗಳು ವೈದ್ಯ ಪತ್ರಿಕೆಗಳಲ್ಲಿ ಇವೆ. ಸೆರಾಮಿಕ್ ಒಡೆದಲ್ಲಿ ಪುನಃ ಸೆರಾಮಿಕ್ ಹೆಡ್ಡೇ ಹಾಕಬೇಕು, ಲೋಹದ್ದು ಕೂಡದು. ಈ ಒಂದು ವಾಕ್ಯ ರೋಗಿಯ ಫೈಲಿನ ಮೊದಲ ಪುಟದಲ್ಲಿ ಬರೆದಿರಲಿ.

ಎರಡನೆಯ ತಕರಾರು ಕಪ್ಪಿನ ಕೋನಕ್ಕೆ. ಹಳೆಯ ಅಂದಾಜು: ಓರೆ 40 ಡಿಗ್ರಿ, ಮುಂದಕ್ಕೆ ತಿರುಗಿದ್ದು 15, ಎರಡಕ್ಕೂ ಆಚೀಚೆ 10. ಪಾಲಿ ಸಣ್ಣ ತಪ್ಪನ್ನು ನುಂಗುತ್ತದೆ, ಸೆರಾಮಿಕ್ ಲೈನರ್ ನುಂಗುವುದಿಲ್ಲ. ಕಪ್ಪು ಕಡಿದಾದರೆ ಹೆಡ್ಡು ಅಂಚಿನ ಮೇಲೆ ಉಜ್ಜಿ ಪಟ್ಟೆ ಬೀಳುತ್ತದೆ, ಜಾರುವ ದ್ರವದ ಪದರ ಕಡಿದು ಹೋಗುತ್ತದೆ, ಬಗ್ಗುವಾಗ, ಮೆಟ್ಟಿಲು ಹತ್ತುವಾಗ ಎಣ್ಣೆ ಇಲ್ಲದ ಬಾಗಿಲಿನ ಹಾಗೆ ಕಿರ್ರೆನ್ನುತ್ತದೆ. ಇನ್ನು, ಲೈನರ್ ಕೂರಿಸುವಾಗ ಒಂದು ಕೂದಲಿನಷ್ಟು ಓರೆಯಾದರೂ ಅಂಚು ಚಿಪ್ಪೇಳುತ್ತದೆ.

ಹಾಗಾಗಿ ಸೆರಾಮಿಕ್-ಸೆರಾಮಿಕ್ ಕೆಟ್ಟದ್ದಲ್ಲ, ಕೈ ಪಳಗಿದ ಸರ್ಜನ್ ಕೇಳುತ್ತದೆ. ನಿಮ್ಮ ಸರ್ಜನ್ ವರ್ಷವಿಡೀ ಅದನ್ನೇ ಹಾಕುವವರಾದರೆ ಹಾಕಿಸಿ. ಇಲ್ಲವಾದರೆ (ಆ), 32 ಮಿ.ಮೀ. ಹೆಡ್ಡು. ವರ್ಷಕ್ಕೆ 0.03 ಮಿ.ಮೀ. ಹಿಡಿದರೆ 24 ಘನ ಮಿ.ಮೀ. ಪುಡಿ, ಹಳೆಯ 28ರ ಜೋಡಿ ಕೊಡುತ್ತಿದ್ದುದರ ಐದರಲ್ಲಿ ಎರಡು ಪಾಲು.

ಸೆರಾಮಿಕ್ ಹೆಡ್ಡು ಯಾವುದರಲ್ಲೇ ಇರಲಿ, ಕೂರಿಸುವಾಗ ಕೆಡಿಸುವುದು ಸುಲಭ. ಕುತ್ತಿಗೆಯ ಕೋನ್ ತೊಳೆದು ಪೂರ್ತಿ ಒರೆಸಿರಬೇಕು. ರಕ್ತದ ಹನಿ, ಕೊಬ್ಬು, ಮೂಳೆಯ ಹುಡಿ ಇದ್ದರೆ ಒಂದೇ ಜಾಗಕ್ಕೆ ಒತ್ತಡ ಬಿದ್ದು ವರ್ಷಗಳ ಬಳಿಕ ಸೀಳುವುದುಂಟು. ಕೈಯಲ್ಲಿ ತಿರುಗಿಸಿ ಕೂರಿಸಿ, ಪ್ಲಾಸ್ಟಿಕ್ ಇಂಪ್ಯಾಕ್ಟರ್ ಇಟ್ಟು ಕೋನಿನ ನೇರಕ್ಕೆ ಒಂದು ಗಟ್ಟಿ ಪೆಟ್ಟು. ಲೋಹದ ಸುತ್ತಿಗೆಯಿಂದ ನೇರ ಹೊಡೆಯುವುದು ಇಲ್ಲವೇ ಇಲ್ಲ. ಕೀಲು ಕೂರಿಸುವಾಗ ಹೆಡ್ಡು ಟೈಟಾನಿಯಂ ಅಂಚಿಗೆ ತಾಗಿ ಬೂದು ಗೆರೆ ಬಿದ್ದರೆ ಅದು ಹೆಡ್ಡಿಗೆ ಆದ ಗೀರಲ್ಲ, ಮೆತ್ತಿಕೊಂಡ ಲೋಹ. ಆದರೂ ಒರಟು ಒರಟೇ, ಬದಲಾಯಿಸಬೇಕು.

ಲೋಹದ ಮೇಲೆ ಲೋಹ: ಎಎಸ್‌ಆರ್ ಎಂಬ ಮಾದರಿಯನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದರು. ಭಾರತದಲ್ಲೂ ಅದನ್ನು ಹಾಕಿಸಿಕೊಂಡವರು ಸಾವಿರಗಟ್ಟಲೆ. ಕೇಂದ್ರ ಸರಕಾರ 2018ರಲ್ಲಿ ಪರಿಹಾರದ ಸೂತ್ರ ಮಾಡಿತು. ಅದರ ಕಪ್ಪು ಅರ್ಧಗೋಲಕ್ಕಿಂತ ಕಡಿಮೆ ಆಳದ್ದು, ಹಾಗಾಗಿ ಅಂಚಿನಲ್ಲಿ ಉಜ್ಜುವುದು ಬೇಗ ಶುರು. ಯಾವ ಕಂಪೆನಿಯ ಲೋಹ-ಲೋಹವೇ ಇರಲಿ, ನೋವು ಇಲ್ಲದಿದ್ದರೂ ರಕ್ತದ ಕೋಬಾಲ್ಟ್, ಕ್ರೋಮಿಯಂ ನೋಡಬೇಕು. ಬ್ರಿಟನ್ನಿನ ನಿಯಂತ್ರಕರು ಇಟ್ಟ ಗಡಿ ಲೀಟರಿಗೆ 7 ಮೈಕ್ರೋಗ್ರಾಂ. ಅದರ ಮೇಲೆ ಇದ್ದರೆ ಲೋಹದ ನೆರಳು ತಗ್ಗಿಸುವ ವಿಧಾನದ ಎಂಆರ್‌ಐ. ಮಾದರಿ ತೆಗೆಯುವಾಗ ಟ್ರೇಸ್ ಎಲಿಮೆಂಟಿಗೆಂದೇ (ರಕ್ತದಲ್ಲಿ ಅತಿ ಸ್ವಲ್ಪ ಇರುವ ಲೋಹ ಇತ್ಯಾದಿ) ಇರುವ ಕಡುನೀಲಿ ಮುಚ್ಚಳದ ಟ್ಯೂಬು ಕೇಳಿ, ಸೂಜಿಯ ಲೋಹ ಸೇರದ ಹಾಗೆ ಮೊದಲ 5 ಮಿ.ಲೀ. ರಕ್ತ ಬೇರೆ ಟ್ಯೂಬಿಗೆ ಹೋಗಲಿ. ಸಾದಾ ಟ್ಯೂಬಿನ ರಿಪೋರ್ಟು ನಂಬುವ ಹಾಗಿಲ್ಲ.

ಚಂದ್ರಗಿರಿ ಫಿಸಿಯೋ

ಲೈನರಿನ ಚರ್ಚೆ ನಡೆಯಲಿ. ತೋಟದ ಕೆಲಸಕ್ಕೆ ಸಂಬಂಧಪಟ್ಟದ್ದು ಎರಡು ಮಾತು.

ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವುದು ಮೈತೂಕದ ಎರಡೂವರೆಯಿಂದ ಮೂರು ಪಟ್ಟು, 74 ಕಿಲೋದವರಿಗೆ ಹೆಜ್ಜೆಗೆ 185ರಿಂದ 222 ಕಿಲೋ. ಕಾಲು ಜಾರಿ ತಟ್ಟನೆ ಸಾವರಿಸಿಕೊಳ್ಳುವಾಗ ಎಂಟು ಪಟ್ಟು ದಾಟಿದ್ದು ಸೆನ್ಸರ್ ಇಟ್ಟ ಕೀಲುಗಳಲ್ಲಿ ಅಳೆದು ನೋಡಿದ್ದಾರೆ. ಆಟಿಯ ಮಳೆಗೆ ಪಾಚಿ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲೇ ಕೀಲಿಗೆ ದೊಡ್ಡ ವೈರಿ, ನಡಿಗೆ ಅಲ್ಲ. ಮೆಟ್ಟಿಲು ಉಜ್ಜಿಸಿ, ಒಂದು ಬದಿಗೆ ಕೈಪಟ್ಟಿ ಹಾಕಿಸಿ. ಒಂದು ಕೈಯಲ್ಲಿ ಭಾರ ಹೊರುವುದಾದರೆ ಆಪರೇಷನ್ ಆದ ಬದಿಯ ಕೈಯಲ್ಲೇ ಹಿಡಿಯಬೇಕು. ಊರುಗೋಲು ಮಾತ್ರ ಎದುರು ಕೈಯಲ್ಲಿ. ಹೆಚ್ಚಿನವರು ಎರಡನ್ನೂ ತಿರುಗುಮುರುಗು ಮಾಡುತ್ತಾರೆ.

ಇನ್ನು ಕೂರುವುದು. ಹೆರೆಮಣೆ, ಮೆಟ್ಟುಕತ್ತಿ, ಹಳೆಯ ಕಕ್ಕಸು: ಮೂರರಲ್ಲೂ ತೊಡೆ ಹೊಟ್ಟೆಗೆ ಒತ್ತುತ್ತದೆ. ಒಂದು ಹಂತದಲ್ಲಿ ಸ್ಟೆಮ್ಮಿನ ಕುತ್ತಿಗೆ ಲೈನರಿನ ಅಂಚಿಗೆ ತಾಗುತ್ತದೆ. ಆ ತಾಗಾಟ ನೋವು ಕೊಡುವುದಿಲ್ಲ, ಅದೇ ಅಪಾಯ. ಪಾಲಿ ಅಂಚು ಕಚ್ಚು ಬಿದ್ದು ಸೀಳುತ್ತದೆ, ಸೆರಾಮಿಕ್ ಅಂಚು ಟೈಟಾನಿಯಂ ಕುತ್ತಿಗೆಯನ್ನೇ ಕೆರೆಯುತ್ತದೆ. ಇನ್ನೂ ಒತ್ತಿದರೆ ಕುತ್ತಿಗೆ ಸನ್ನೆಗೋಲಾಗಿ ಹೆಡ್ಡು ಹಿಂದಿನಿಂದ ಹೊರಬೀಳುತ್ತದೆ. ಹಿಂದಿನಿಂದ ಕೊಯ್ದು ಮಾಡಿದ ಆಪರೇಷನ್ನಿನಲ್ಲಿ ಮೊಣಕಾಲು ಒಳಕ್ಕೆ ತಿರುಗಿಸಿ ಬಗ್ಗುವುದು ಕೆಟ್ಟದ್ದು. ಕಾಲು ಅಗಲಿಸಿ ಚಕ್ಕಳಮಕ್ಕಳ ಕೂರುವುದು ಅಷ್ಟು ಕೆಟ್ಟದ್ದಲ್ಲ. ಪಂಕ್ತಿ ಊಟಕ್ಕೆ ಮೇಜು ಕೇಳಲು ನಾಚಿಕೆ ಪಡುವವರು ಇದನ್ನು ತಿಳಿದಿರಲಿ, ಆದರೆ ಮೊದಲ ಮೂರು ತಿಂಗಳು ಅದೂ ಬೇಡ. ಯಕ್ಷಗಾನದ ಮಂಡಿ ಹಾಕುವ ಕುಣಿತ ಯಾವ ಲೈನರಿಗೂ ಆಗುವುದಿಲ್ಲ.

ತಳೆ ಹಾಕಿ ಮರ ಹತ್ತುವುದು ಮುಗಿಯಿತು ಎಂದೇ ತಿಳಿಯಿರಿ. ಕಾರ್ಬನ್ ಫೈಬರ್ ದೋಟಿ ಉಂಟಲ್ಲ ಎಂದು ಹೇಳುತ್ತಾರೆ. ಅದರಲ್ಲೂ ಒಂದು ಸೂಕ್ಷ್ಮ ಇದೆ: ತಲೆ ಎತ್ತಿ ಹಿಂದಕ್ಕೆ ಬಾಗಿ, ಪಾದ ಹೊರಕ್ಕೆ ತಿರುಗಿಸಿ ಗೊನೆ ಎಳೆಯುವಾಗ ಕುತ್ತಿಗೆ ಹಿಂದಿನ ಅಂಚಿಗೆ ತಾಗುತ್ತದೆ, ಹೆಡ್ಡು ಮುಂದಕ್ಕೆ ಜಾರಲು ನೋಡುತ್ತದೆ. ಆಪರೇಷನ್ ಆದ ಕಾಲನ್ನು ಒಂದು ಹೆಜ್ಜೆ ಮುಂದೆ ಇಟ್ಟು, ಮೊಣಕಾಲು ತುಸು ಬಗ್ಗಿಸಿ ನಿಂತರೆ ಅದು ತಪ್ಪುತ್ತದೆ.

ಬದಿಯಡ್ಕ ಮೆಕ್ಯಾನಿಕಲ್

ಒಂದನೆಯದಕ್ಕೆ ದಾರಿ ಸಿಕ್ಕಿತು. (ಆ), 32. ಕಪ್ಪು 54 ಕೂತರೆ ಮಾತ್ರ 36 ಎಂದು ಮೊದಲೇ ಹೇಳಿಡುತ್ತೇನೆ.

ಎರಡನೆಯದರ ಹಳೆಯ ಫೈಲು ಸಿಕ್ಕಿತು. ಸ್ಟಿಕ್ಕರಿನಲ್ಲಿ: ಕಪ್ಪು 50, ಲೈನರ್ 28, ಪಕ್ಕದಲ್ಲಿ "ಸ್ಟೆರೈಲ್" ಚೌಕದೊಳಗೆ "ಆರ್" ಅಕ್ಷರ. ಹೆಡ್ಡು ಕೋಬಾಲ್ಟ್-ಕ್ರೋಮ್, ಕೋನ್ 12/14. ಆಪರೇಷನ್ ಆದ ವರ್ಷದ ಫಿಲ್ಮು ಕಪ್ಪಾಗಿ ಹೋಗಿದೆ, ಐದು ವರ್ಷದ ಹಿಂದಿನದು ಉಂಟು. ಅದರಲ್ಲಿ ಅಳೆದರೆ 1.5 ಮಿ.ಮೀ.

ಪಾಲಿಮರ್ ಮಾಷ್

ಚೌಕದೊಳಗಿನ "ಆರ್" ಅಂದರೆ ವಿಕಿರಣದಿಂದ ಶುದ್ಧ ಮಾಡಿದ್ದು. "ಇಒ" ಇದ್ದರೆ ಎಥಿಲೀನ್ ಆಕ್ಸೈಡ್ ಅನಿಲ. ಹಾಗಾಗಿ ಇದು ನಾನು ಮೇಲೆ ಹೇಳಿದ ಒಂಟಿ ತುದಿಗಳಿರುವ ಪಾಲಿ.

ಲೆಕ್ಕ ನೋಡಿ. 17 ವರ್ಷಕ್ಕೆ 1.5, ಅಂದರೆ ವರ್ಷಕ್ಕೆ 0.09. ಆಮೇಲೆ 5 ವರ್ಷಕ್ಕೆ 0.7, ಅಂದರೆ 0.14. ಕೈಯಿಂದ ಅಳೆದದ್ದರಲ್ಲಿ ಅರ್ಧ ಮಿ.ಮೀ. ತಪ್ಪು ಬರುವುದು ಸುಲಭ, ಆದರೂ ವೇಗ ಏರುತ್ತಿರುವ ಸೂಚನೆ ಇದು. ಎರಡೂ ಫಿಲ್ಮಿನಲ್ಲಿ ಹೆಡ್ಡಿನ ಅಂಚಿನಲ್ಲಿ ಏಳೆಂಟು ಚುಕ್ಕೆ ಇಟ್ಟು ಒಂದು ವೃತ್ತ, ಕಪ್ಪಿನ ಹೊರ ಅಂಚಿಗೆ ಇನ್ನೊಂದು ವೃತ್ತ ಕೂರಿಸಿ ಕೇಂದ್ರಗಳ ನಡುವಿನ ದೂರ ಪುನಃ ಅಳೆಯಿರಿ.

ಒಟ್ಟು ಪುಡಿ: 2.2 ಮಿ.ಮೀ. ಆಳ, 28ರ ಹೆಡ್ಡು, ಸುಮಾರು 1,350 ಘನ ಮಿ.ಮೀ. ಒಂದು ಚಮಚದ ಕಾಲು ಭಾಗದ ಹತ್ತಿರ. ಆದರೆ ಕಣವೊಂದು ಅರ್ಧ ಮೈಕ್ರಾನ್ ಎಂದು ಹಿಡಿದರೆ ಸಂಖ್ಯೆ 20 ಲಕ್ಷ ಕೋಟಿ ಆಗುತ್ತದೆ. ರಕ್ಷಣಾ ಕೋಶಗಳು ನುಂಗಬಲ್ಲ ಅಳತೆಯೇ ಅದು. ನುಂಗುತ್ತವೆ, ಜೀರ್ಣಿಸಲಾರವು, ಉರಿಯೂತದ ರಸ ಸುರಿಸುತ್ತವೆ, ಆ ರಸ ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸುತ್ತದೆ. ಕಪ್ಪಿನ ಹಿಂದಿನ ಗುಳಿ ಹೀಗೆ ಆದದ್ದು. ಮೂಳೆಯ ಒಳಗೆ ತಿನ್ನುವಾಗ ನೋಯುವುದಿಲ್ಲ. ನೋವು ಬರುವ ಹೊತ್ತಿಗೆ ಕಪ್ಪು ಅಲ್ಲಾಡುತ್ತಿರುತ್ತದೆ, ಇಲ್ಲವೇ ಮೂಳೆ ಮುರಿದಿರುತ್ತದೆ. "ನೋವೇ ಇಲ್ಲದವರನ್ನು ಯಾಕೆ ಬಿಚ್ಚುವುದು" ಎಂಬುದಕ್ಕೆ ಉತ್ತರ ಇದೇ. ಕ್ಯಾಲ್ಸಿಯಂ ಮಾತ್ರೆಯಿಂದ ಈ ಗುಳಿ ತುಂಬುವುದಿಲ್ಲ.

ಓಟಿ ಟೇಬಲ್

ಮೊದಲು ಇಎಸ್‌ಆರ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆಗಳು) ಮಾಡಿಸಿ, ಸೋಂಕು ಇಲ್ಲ ಎಂದು ಖಾತ್ರಿ ಆಗಲಿ. ಆಮೇಲೆ ಲೋಹದ ನೆರಳು ತಗ್ಗಿಸಿದ ಸಿಟಿ ಸ್ಕ್ಯಾನ್. ಎಕ್ಸ್‌ರೇ ಗುಳಿಯನ್ನು ಸಾಮಾನ್ಯವಾಗಿ ಸಣ್ಣದಾಗಿಯೇ ತೋರಿಸುತ್ತದೆ, ಕಪ್ಪಿನ ಲೋಹ ಅಡ್ಡ ಇರುತ್ತದೆ. ಸಿಟಿಯಲ್ಲಿ ನೋಡುವುದು ಎರಡು: ಗುಳಿಯ ನಿಜವಾದ ಗಾತ್ರ, ಕಪ್ಪು ಎಷ್ಟು ಭಾಗ ಇನ್ನೂ ಮೂಳೆಗೆ ಕಚ್ಚಿಕೊಂಡಿದೆ.

ಕಪ್ಪು ಗಟ್ಟಿ ಇದ್ದರೆ ಆಪರೇಷನ್ ಸಣ್ಣದೇ. ಲೈನರ್, ಹೆಡ್ಡು ಬದಲಿಸುವುದು, ಕಪ್ಪಿನ ತೂತಿನಿಂದಲೋ ಅಂಚಿನಿಂದಲೋ ಗುಳಿ ಕೆರೆದು ಮೂಳೆಹುಡಿ ತುಂಬುವುದು. ಕಪ್ಪು ಅಲ್ಲಾಡುವವರೆಗೆ ಕಾದರೆ ಅದೇ ಕೆಲಸ ನಾಲ್ಕು ಪಟ್ಟು ದೊಡ್ಡದು, ವಯಸ್ಸೂ ಏರಿರುತ್ತದೆ. ವೇಗ 0.14ಕ್ಕೆ ಏರಿದ್ದು ನಿಜವಾದರೆ "ಈಗಲೇ" ಎಂದ ಡಾಕ್ಟ್ರ ಕಡೆಗೆ ನನ್ನ ಓಟು. ಅಳತೆ ತಪ್ಪಿದ್ದು ಎಂದಾದರೆ ಆರು ತಿಂಗಳ ಬಳಿಕ ಇನ್ನೊಂದು ಸಿಟಿ ನೋಡುವಷ್ಟು ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ. ಬರೀ ಲೈನರ್ ಬದಲಿಸಿದ ಮೇಲೆ ಕೀಲು ತಪ್ಪುವ ಸಾಧ್ಯತೆ ಮೊದಲ ಸಲದ್ದಕ್ಕಿಂತ ಹೆಚ್ಚು. ಜಾಗ ಇದ್ದರೆ ಹೆಡ್ಡು 28ರಿಂದ 32ಕ್ಕೆ ಏರಿಸಬೇಕು.

ತಾರೀಕು ಗೊತ್ತು ಮಾಡುವ ಮೊದಲು ಸ್ಟಿಕ್ಕರಿನ ಫೋಟೋ ತೆಗೆದು, ರೆಫ್ ನಂಬರು, ಲಾಟ್ ನಂಬರು ಸ್ಪಷ್ಟ ಕಾಣುವ ಹಾಗೆ, ಆಸ್ಪತ್ರೆಗೆ ಕಳಿಸಿ. 22 ವರ್ಷದ ಹಳೆಯ ಕಪ್ಪಿಗೆ ಕೂರುವ ಲೈನರ್ ಈಗ ಬರುತ್ತದೋ ಇಲ್ಲವೋ ಕಂಪೆನಿ ಬಾಯಲ್ಲಿ ಅಲ್ಲ, ಬರಹದಲ್ಲಿ ಹೇಳಲಿ. ಬರುವುದಿಲ್ಲ ಎಂದಾದರೆ ಬೇರೆ ಕ್ರಾಸ್‌ಲಿಂಕ್ ಲೈನರಿನ ಬೆನ್ನಿಗೆ ಗೀರು ಹಾಕಿ ಹಳೆಯ ಕಪ್ಪಿನೊಳಗೆ ಸಿಮೆಂಟಿನಿಂದ ಕೂರಿಸಬಹುದು. ಸಿಮೆಂಟಿಗೆ ಸುತ್ತಲೂ 2 ಮಿ.ಮೀ. ಜಾಗ ಬೇಕು, ಲೈನರ್ ಕಪ್ಪಿನಿಂದ ಹೊರಗೆ ಚಾಚಬಾರದು. ಹೊಸ ಹೆಡ್ಡು ಸೆರಾಮಿಕ್ ಆಗಲಿ, ಆದರೆ ಉಪಯೋಗಿಸಿದ ಹಳೆಯ ಕೋನಿನ ಮೇಲೆ ಸಾದಾ ಸೆರಾಮಿಕ್ ಹೆಡ್ಡು ನೇರ ಕೂರಿಸುವ ಹಾಗಿಲ್ಲ. ಒಳಗೆ ಟೈಟಾನಿಯಂ ತೋಳು ಇರುವ ರಿವಿಷನ್ ಹೆಡ್ಡೇ ಬೇಕು. ಅದು ಹೆಚ್ಚಿನ ಕಡೆ ಸ್ಟಾಕಿನಲ್ಲಿ ಇರುವುದಿಲ್ಲ, ಮೊದಲೇ ತರಿಸಿಡಬೇಕು.

ಫಿಲ್ಮು ಕಪ್ಪಾದ ಬಗ್ಗೆ: ಈಗಿನವು ಥರ್ಮಲ್ ಫಿಲ್ಮು, ಮಾಡಿನ ಕೆಳಗಿನ ಕಪಾಟಿನ ಬಿಸಿಗೇ ಕೆಡುತ್ತವೆ. ಇಬ್ಬರದ್ದೂ ಡೈಕಾಮ್ ಫೈಲು (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಪೆನ್‌ಡ್ರೈವಿನಲ್ಲಿ ಕೇಳಿ ಇಟ್ಟುಕೊಳ್ಳಿ.

ಬದಿಯಡ್ಕ ಮೆಕ್ಯಾನಿಕಲ್

ವೃತ್ತ ಕೂರಿಸಿ ಪುನಃ ಅಳೆದೆ: 1.6 ಮತ್ತು 2.2. ಐದು ವರ್ಷಕ್ಕೆ 0.6. ಸಿಟಿಗೆ ಬರೆಸಿದ್ದಾರೆ, ಸ್ಟಿಕ್ಕರಿನ ಫೋಟೋ ಹೋಗಿದೆ.